ಒಡಕು ಗಂಟೆಯ ಏಕವಚನ

ನಮ್ಮೂರಿನ ಶಾಲೆಗಳ ಗಂಟೆಗೆ ಬಾಯಿ ಇದೆ. ಬೆಳಗ್ಗೆ ಒಳಗೆ ಬಿಡುವ ಹೊತ್ತಿಗೊಮ್ಮೆ, ಸಂಜೆ ಹೊರಗೆ ಬಿಡುವ ಹೊತ್ತಿಗೊಮ್ಮೆ, ಗೇಟಿನಲ್ಲಿ ಯಾರು ನಿಂತಿದ್ದಾರೋ ಅವರನ್ನು ನೋಡಿ ಅದು ಮಾತಾಡುತ್ತದೆ. ಆಡಿದ್ದು ಬೀದಿಗೆಲ್ಲ ಕೇಳುತ್ತದೆ. ಬೇರೆ ಊರಿನಿಂದ ಬಂದವರು ಮೊದಲ ಸಲ ಬೆಚ್ಚಿಬಿದ್ದು ಚಪ್ಪಲಿ ಬಿಟ್ಟು ಓಡುವುದುಂಟು. ನಮಗೆ ಅದು ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ. ಗಂಟೆಗೆ ಇಂಥದ್ದನ್ನೇ ಹೇಳು ಅಂತ ಯಾರೂ ಹೇಳಿಕೊಡಲಾರರು. ಶಾಲೆಯ ಹೊಟ್ಟೆಯೊಳಗೆ ಏನಿದೆಯೋ ಅದೇ ಗಂಟೆಯ ನಾಲಿಗೆಗೆ ಬರುತ್ತದೆ. ಒಂದು ಶಾಲೆಯವರು ಮರ್ಯಾದೆಗೆ ಅಂಜಿ ಗಂಟೆಯ ಬಾಯಿಗೆ ಹತ್ತಿ ತುರುಕಿದರು. ಅದು ಇಡೀ ವರ್ಷ 'ಉಸಿರು ಕಟ್ತಿದೆ, ಉಸಿರು ಕಟ್ತಿದೆ' ಅಂತ ಗೊಣಗಿ, ಇದ್ದ ಮಕ್ಕಳನ್ನೂ ಓಡಿಸಿತು. ಇನ್ನೊಬ್ಬರು ಗಂಟೆ ಕಿತ್ತು ಕರೆಂಟಿನ ಬೆಲ್ಲು ಹಾಕಿಸಿದರು. ಮಾತೇ ಆಡದ ಶಾಲೆಯನ್ನು ನಂಬುವುದು ಹೇಗೆ ಅಂತ ಜನ ಆ ಕಡೆ ತಲೆ ಹಾಕಲಿಲ್ಲ. ಈಗ ಅದೊಂದು ಮದುವೆ ಛತ್ರ.

ಏಳನೇ ಕ್ಲಾಸು ಮುಗಿಸಿದ ಮಕ್ಕಳನ್ನು ಹೈಸ್ಕೂಲಿಗೆ ಹಾಕುವ ಮುಂಚೆ ನಮ್ಮಲ್ಲಿ 'ಗಂಟೆ ಕೇಳೋಕೆ ಹೋಗೋದು' ಅಂತ ಒಂದು ರೂಢಿ ಇದೆ, ಹೆಣ್ಣು ನೋಡೋಕೆ ಹೋದ ಹಾಗೆ. ಪಾಸ್ಖ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲಿನ ವಾರ ಊರಿನ ಕ್ರೈಸ್ತ ಶಾಲೆಗಳೆಲ್ಲ ಗೇಟು ತೆರೆದಿಟ್ಟುಕೊಂಡು ಕಾಯುತ್ತವೆ. ಮನೆಮಂದಿಯೆಲ್ಲ ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿಕೊಂಡು, ಮಗುವನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಾರೆ. ಬೆಳಗಿನ ಗಂಟೆ ಕೇಳಬೇಕು, ಸಂಜೆಯ ಗಂಟೆಯನ್ನೂ ಕೇಳಬೇಕು. ಆಮೇಲೆ ಮನೆಗೆ ಬಂದು ಜಗಳ ಆಡಬೇಕು.

ನನ್ನ ಹೆಸರು ಲೂರ್ದಮ್ಮ. ಕಾಲುವೆ ಬೀದಿಯಲ್ಲಿ ಶಾಲೆ ಯೂನಿಫಾರಂ ಹೊಲಿಯುತ್ತೇನೆ. ಗಂಡ ಚೌರಪ್ಪ ಸಿಟಿ ಬಸ್ಸಿನ ಡ್ರೈವರು. ಅತ್ತೆ ಜಪಮಾಲಮ್ಮ, ಹೆಸರಿಗೆ ತಕ್ಕ ಹಾಗೆ ಕೈಯಲ್ಲಿ ಜಪಮಾಲೆ, ಬಾಯಲ್ಲಿ ಎಲೆಯಡಿಕೆ. ನಮಗೊಬ್ಬಳೇ ಮಗಳು. ಅವಳಿಗೆ 'ಕಿಡಿ' ಅಂತ ಹೆಸರಿಡಬೇಕು ಅಂತ ನಾನು ಜ್ಞಾನಸ್ನಾನದ ದಿನ ಹಟ ಹಿಡಿದಾಗ ಫಾದರ್, "ಅಂಥ ಸಂತರು ಯಾರೂ ಇಲ್ಲಮ್ಮ" ಅಂದರು. "ಇಲ್ಲದಿದ್ದರೆ ಇವಳೇ ಮೊದಲನೆಯವಳಾಗಲಿ ಫಾದರ್" ಅಂದೆ. ಕೇಳಲಿಲ್ಲ. ಹಾಗಾಗಿ ಇಗರ್ಜಿಯಲ್ಲಿ ಅವಳು ಕ್ಲಾರಾ, ಮನೆಯಲ್ಲಿ ಕಿಡಿ.

ನಾನೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳೇ. ಅದೂ ಅಂತಿಂಥ ಶಾಲೆಯಲ್ಲ, ಊರಿಗೆಲ್ಲ ದೊಡ್ಡ ಗಂಟೆ ಇರುವ ಗುಡ್ಡದ ಶಾಲೆ. ಆಗ ಆ ಗಂಟೆ ನನ್ನ ಜೊತೆಯವರಿಗೆಲ್ಲ 'ಬನ್ನಿ ಮಕ್ಕಳೇ' ಅನ್ನುತ್ತಿತ್ತು. ನನ್ನನ್ನೂ ನಮ್ಮ ಕೇರಿಯಿಂದ ಬಂದ ಇನ್ನಿಬ್ಬರನ್ನೂ ಕಂಡರೆ, 'ಬಾರೇ, ಪೊರಕೆ ಹಿಂದೆ ಇದೆ' ಅನ್ನುತ್ತಿತ್ತು. ದಿನಾ ಬೆಳಗ್ಗೆ, ಊರಿಗೆಲ್ಲ ಕೇಳುವ ಹಾಗೆ. ಜ್ಞಾನಸ್ನಾನದ ನೀರು ಎಲ್ಲರ ತಲೆಯ ಮೇಲೂ ಒಂದೇ ಬಿದ್ದಿತ್ತು, ಒಣಗಿದ್ದು ಮಾತ್ರ ಬೇರೆ ಬೇರೆ ಬಿಸಿಲಿನಲ್ಲಿ. ಎಂಟನೇ ಕ್ಲಾಸಿನ ಅರ್ಧಕ್ಕೇ ನಾನು ಪೊರಕೆಯನ್ನು ಆ ಗಂಟೆಯ ಕಡೆ ಬೀಸಿ ಎಸೆದು ಮನೆಗೆ ಬಂದೆ. ಅಪ್ಪ ಹೊಡೆಯಲಿಲ್ಲ. ಹೊಲಿಗೆ ಮಷೀನಿನ ಮುಂದೆ ಕೂರಿಸಿದ.

ನನಗೆ ಓದು ಸಿಕ್ಕಿದ್ದು ಆಮೇಲೆ, ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ. ಭಾನುವಾರ ಪೂಜೆ ಮುಗಿಸಿ ನಾವೊಂದಷ್ಟು ಜನ ಅಲ್ಲಿ ಸೇರುತ್ತಿದ್ದೆವು. ಓದುಬಳಗ ಅಂತ ಹೆಸರು. ಗ್ರೀಸಿನ ವಾಸನೆಯ ನಡುವೆ ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಎಲ್ಲರೂ ಒಟ್ಟಿಗೆ ಕಿರುಚಾಡುವುದು. 'ಬಾ' ಅನ್ನುವುದಕ್ಕೂ 'ಬನ್ನಿ' ಅನ್ನುವುದಕ್ಕೂ ನಡುವೆ ನಮ್ಮ ಅಜ್ಜಂದಿರ ಬೆನ್ನಿನ ಬಾಸುಂಡೆಗಳಿವೆ ಅಂತ ನಾನು ಅಲ್ಲಿ ತಿಳಿದುಕೊಂಡೆ. ಒಂದಿಡೀ ಮಳೆಗಾಲ ನಾವು ಗುಡ್ಡದ ಶಾಲೆಯ ಗೇಟಿನಲ್ಲಿ ಕೂತೆವು. ನಮ್ಮ ಕೇರಿಯ ಮಗುವನ್ನು ಗಂಟೆ 'ಬಾರೋ' ಅಂದಾಗಲೆಲ್ಲ ಎದ್ದು ನಿಂತು, "ಬನ್ನಿ ಅನ್ನು!" ಅಂತ ಕೂಗಿದೆವು. ಗಂಟಲು ಕಟ್ಟಿತು, ಕೊಡೆಗಳು ಹಾರಿಹೋದವು, ಪೋಲೀಸರು ಬಂದರು, ಹೋದರು. ಕೊನೆಗೆ ಶಾಲೆ ಕಲಿಯಿತು. ಶಾಲೆ ಕಲಿತ ಮೇಲೆ ಗಂಟೆಯೂ ಕಲಿಯಿತು. ನಮ್ಮ ಕೇರಿಯ ಹುಡುಗನಿಗೆ ಅದು ಮೊದಲ ಸಲ 'ಬನ್ನಿ' ಅಂದ ದಿನ ನಾವು ಬೀದಿಯಲ್ಲೇ ಬೆಲ್ಲ ಹಂಚಿದೆವು. ಕಿಡಿ ಆಗ ನನ್ನ ಹೊಟ್ಟೆಯಲ್ಲಿದ್ದಳು. ಯಾವ ಗಂಟೆ ನನ್ನ ಮಗುವನ್ನು ಏಕವಚನದಲ್ಲಿ ಕರೆಯುತ್ತದೋ ಆ ಹೊಸಿಲನ್ನು ಮಗು ತುಳಿಯುವುದಿಲ್ಲ ಅಂತ ಅವತ್ತು ಬಳಗದ ಎದುರಿಗೆ ಆಣೆ ಮಾಡಿದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮನೆಯಲ್ಲೂ ಬಹುವಚನ ಇರಲಿ ಅಂತ ಮದುವೆಯಾದ ಹೊಸದರಲ್ಲಿ ಚೌರಪ್ಪನನ್ನು ಒಪ್ಪಿಸಿದ್ದೆ. ಪಾಪ, ಒಂದು ವಾರ ನಡೆಸಿದ. "ಲೂರ್ದಮ್ಮನವರೇ, ಸಾರಿಗೆ ಉಪ್ಪು ಕಮ್ಮಿ ಬಿದ್ದಿದೆ" ಅಂದಾಗಲೆಲ್ಲ ಅತ್ತೆ ನಕ್ಕು ನಕ್ಕು ಎಲೆಯಡಿಕೆ ಉಗಿಯುತ್ತಿದ್ದರು. ಆಮೇಲೆ ಅದು ತಾನಾಗಿಯೇ ಬಿದ್ದುಹೋಗಿ, ಜಗಳಕ್ಕೆ ಮಾತ್ರ ಉಳಿಯಿತು. ಈಗ ಚೌರಪ್ಪ ನನ್ನನ್ನು 'ನೀವು' ಅಂದನೆಂದರೆ ಅವತ್ತು ಅವನ ಊಟ ಅವನೇ ಬಡಿಸಿಕೊಳ್ಳುತ್ತಾನೆ ಅಂತ ಅರ್ಥ.

ಈ ವರ್ಷ ಕಿಡಿಯ ಏಳನೇ ಕ್ಲಾಸು ಮುಗಿಯಿತು. ಎಲ್ಲಿಗೆ ಹಾಕುವುದು ಅನ್ನುವುದರಲ್ಲಿ ನಮ್ಮಲ್ಲಿ ಅನುಮಾನವೇ ಇರಲಿಲ್ಲ. ಚೌರಪ್ಪನ ಬಸ್ಸಿನ ಕಂಡಕ್ಟರು ತನ್ನ ಮಗನನ್ನು ಮಾರುತಿ ಕಾನ್ವೆಂಟಿಗೆ ಹಾಕಿದ್ದ. "ಅಲ್ಲಿ ಸಿಸ್ಟರೂ ಇಲ್ಲ, ಗಂಟೆಯೂ ಇಲ್ಲ, ಅದ್ಯಾವ ಸೀಮೆ ಕಾನ್ವೆಂಟಯ್ಯ?" ಅಂತ ಇವನು ಕೆಣಕಿದರೆ ಅವನು, "ಇಂಗ್ಲಿಷ್ ಇದೆಯಲ್ಲ, ಇನ್ನೇನು ಬೇಕು" ಅಂದನಂತೆ. "ನನ್ನ ಮಗಳು ಹೋಗೋದು ಅಸಲಿ ಕಾನ್ವೆಂಟಿಗೆ, ಗುಡ್ಡದ ಶಾಲೆಗೆ" ಅಂತ ಚೌರಪ್ಪ ಎದೆಯುಬ್ಬಿಸಿ ಬಂದಿದ್ದ. ನನಗೂ ಅದೇ ಬೇಕಿತ್ತು. ನನ್ನನ್ನು ಪೊರಕೆಯ ಕಡೆ ಅಟ್ಟಿದ ಗಂಟೆ ನನ್ನ ಮಗಳನ್ನು ಬಹುವಚನದಲ್ಲಿ ಕರೆಯುವುದನ್ನು ಈ ಎರಡು ಕಿವಿಯಿಂದ ಕೇಳಬೇಕಿತ್ತು.

ಹೊಸ ಫ್ರಾಕು ಹೊಲಿದೆ. ಅತ್ತೆ ಬಿಳಿ ಸೀರೆಗೆ ಗಂಜಿ ಹಾಕಿದರು. ಚೌರಪ್ಪ ಗಡ್ಡ ಕೆರೆದುಕೊಳ್ಳುವ ಸಂಭ್ರಮದಲ್ಲಿ ಕೆನ್ನೆ ಕುಯ್ದುಕೊಂಡ. ಗುಡ್ಡದ ಗೇಟಿನಲ್ಲಿ ಸಾಲು ಉದ್ದಕ್ಕಿತ್ತು. ನಮ್ಮ ಮುಂದೆ ರೇಷ್ಮೆ ಅಂಗಡಿಯವರ ಮನೆಮಂದಿ, ಅವರ ಮಗಳು ಅನೆಟ್ ಅಂತ, ಕನ್ನಡಕದ ಹುಡುಗಿ. ಗಂಟೆ ಬಾರಿಸತೊಡಗಿತು. ಅನೆಟ್ಟಿಗೆ ಅದೇನೋ ಅಂತು, ನನಗೆ ಗಮನವಿರಲಿಲ್ಲ, ನನ್ನ ಎದೆಯ ಸದ್ದೇ ದೊಡ್ಡದಾಗಿತ್ತು. ಕಿಡಿ ಹೊಸಿಲಿನ ಮುಂದೆ ನಿಂತಳು.

"ಬನ್ನಿ," ಅಂತು ಗಂಟೆ. "ಕ್ಲಾರಾ ಅವರು ದಯವಿಟ್ಟು ಒಳಗೆ ಬರಬೇಕು."

ಅಳಬಾರದು ಅಂದುಕೊಂಡಿದ್ದೆ. ಆಗಲಿಲ್ಲ. ಚೌರಪ್ಪ ತನ್ನ ಕೆನ್ನೆಯ ರಕ್ತ ಒರೆಸಿದ ಕರ್ಚೀಫನ್ನೇ ನನಗೆ ಕೊಟ್ಟ. ಅತ್ತೆ ಶಿಲುಬೆಯ ಗುರುತು ಹಾಕಿಕೊಂಡು, "ಅವರು ಅಂತಲ್ಲೇ ಲೂರ್ದು, ಮೂಗಿನಲ್ಲಿ ಸಿಂಬಳ ಸುರಿಸೋ ನಮ್ಮ ಹುಡುಗಿಗೆ ಅವರು ಅಂತು!" ಅಂದರು.

ಶಾಲೆಯ ದೊಡ್ಡ ಸಿಸ್ಟರು, ಮದರ್ ಅನ್ಸೆಲ್ಮಾ, ನಮ್ಮನ್ನು ತಾವೇ ಕರೆದುಕೊಂಡು ಹೋಗಿ ಅತಿಥಿಗಳಿಗೆಂದೇ ಇರುವ ಪಾರ್ಲರಿನ ಮೆತ್ತನೆಯ ಕುರ್ಚಿಗಳಲ್ಲಿ ಕೂರಿಸಿದರು. ಅಂಚಿಗೆ ಬಂಗಾರದ ಗೆರೆ ಇದ್ದ ಪಿಂಗಾಣಿ ಕಪ್ಪಿನಲ್ಲಿ ಟೀ ಬಂತು. ಚೌರಪ್ಪ ಕಪ್ಪು ಒಡೆದೀತು ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನೋಡಿ, ನಮ್ಮ ಗಂಟೆ ಈಗ ಎಲ್ಲರಿಗೂ ಗೌರವ ಕೊಡುತ್ತದೆ," ಅಂದರು ಮದರ್, ತಲೆ ಸ್ವಲ್ಪ ಓರೆ ಮಾಡಿ. "ನಿಮ್ಮಂಥವರ ಹೋರಾಟದಿಂದಲೇ ನಾವು ಕಲಿತದ್ದು. ನಾನು ಅದನ್ನು ಯಾವತ್ತೂ ಮರೆಯುವುದಿಲ್ಲ."

ನಿಮ್ಮಂಥವರು ಅನ್ನುವುದು ಮೈಗೆ ಒಂದು ಸಲ ಚುಚ್ಚಿತು. ಟೀ ಚೆನ್ನಾಗಿತ್ತು, ನುಂಗಿಕೊಂಡೆ. ಕಿಡಿ ಬಚ್ಚಲಿಗೆ ಅಂತ ಎದ್ದು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದವಳ ಮುಖ ನೋಡಿದರೆ ಎಲ್ಲೋ ಏನೋ ಲೆಕ್ಕ ತಪ್ಪಿದೆ ಅನ್ನುವ ಹಾಗಿತ್ತು. ಸಂಜೆ ಗಂಟೆ ಬಾರಿಸಿದಾಗ ನಮಗೆ, 'ಬಂದದ್ದು ಸಂತೋಷವಾಯಿತು. ನೀವಿನ್ನು ಹೊರಡಬಹುದು' ಅಂತು. ನಾನು ಅದಕ್ಕೂ ತಲೆಬಾಗಿದೆ.

ಬಸ್ಸಿನಲ್ಲಿ ಚೌರಪ್ಪ ತಾನು ಡ್ರೈವರ್ ಅನ್ನುವುದನ್ನು ಮರೆತು ಹಿಂದಿನ ಸೀಟಿನಲ್ಲಿ ಕೂತು ಶಿಳ್ಳೆ ಹಾಕುತ್ತಿದ್ದ. ಕಿಡಿ ಕಿಟಕಿಯ ಕಡೆ ನೋಡುತ್ತ ಕೇಳಿದಳು, "ಅಮ್ಮಾ, ನಾನು ಆ ಶಾಲೆಗೆ ನೆಂಟಳಾ?"

"ಏನೇ ಹಾಗಂದರೆ?"

"ಅನೆಟ್ಟಿಗೆ ಗಂಟೆ ಏನಂತು, ಕೇಳಿಸ್ಕೊಂಡ್ಯಾ?"

"ಇಲ್ಲ."

"'ಬಾರೇ ಅನೆಟ್ಟೂ, ಎಷ್ಟು ಸೊರಗಿದೀಯೇ, ಬಾ ಬಾ, ಒಳಗೆ ನೆರಳಿದೆ' ಅಂತು. ಸಂಜೆ 'ಹೋಗ್ಬಾರೇ, ಬೇಗ ಮತ್ತೆ ಬಾ' ಅಂತು. ಅವರ ಮನೆಯವರೆಲ್ಲ ಅಡುಗೆಮನೇಲಿ ಸಿಸ್ಟರುಗಳ ಜೊತೆ ಸ್ಟೀಲ್ ಲೋಟದಲ್ಲಿ ಟೀ ಕುಡೀತಾ ನಗ್ತಿದ್ರು. ನಾನು ಇಣುಕಿದ್ದಕ್ಕೆ ಒಬ್ಬ ಸಿಸ್ಟರು ಎದ್ದು ನಿಂತು, 'ನಿಮಗೆ ಏನಾದರೂ ಬೇಕಿತ್ತೇ?' ಅಂದ್ರು. ನಂಗೆ, ಅಮ್ಮಾ. ನಂಗೆ 'ಬೇಕಿತ್ತೇ' ಅಂದ್ರು."

ನನ್ನ ಕಿವಿ ಬಿಸಿಯಾಯಿತು. "ಆ ಒಂದು 'ಬನ್ನಿ' ಅನ್ನಿಸಿಕೊಳ್ಳೋಕೆ ನಿಮ್ಮಮ್ಮ ಇಡೀ ಮಳೆಗಾಲ ನೆಂದಿದ್ದಾಳೆ ಕಣೇ, ತಿಳ್ಕೋ!"

"ನೆಂದಿದ್ದು ನೀನು. ಹತ್ತನೇ ಕ್ಲಾಸಿನವರೆಗೂ ಅಲ್ಲಿ ಕೂರೋದು ನಾನು."

"ಲೇ, ಹಲ್ಲು ಉದುರಿಸ್ತೀನಿ."

"ಉದುರಿಸು. ಆದರೆ ಒಂದು ಹೇಳು. ಅಪ್ಪ ನಿನ್ನ 'ನೀವು' ಅನ್ನೋದು ಯಾವಾಗ?"

ಚೌರಪ್ಪನ ಶಿಳ್ಳೆ ನಿಂತಿತು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾವು ಬೇಡ ಬೇಡ ಅಂತ ಬಡಿದಾಡಿದ ಬೇಲಿಯನ್ನು ಅವರು ಕಿತ್ತು, ಅದೇ ಗೂಟಗಳನ್ನು ಇನ್ನೊಂದು ಕಡೆ ನೆಟ್ಟಿದ್ದಾರೆಯೇ ಅನ್ನುವ ಅನುಮಾನ ತಲೆ ತಿನ್ನತೊಡಗಿತು. ಆದರೂ ಇಷ್ಟು ವರ್ಷ ಕೂಗಿ ಪಡೆದದ್ದನ್ನು ಹದಿಮೂರರ ಹುಡುಗಿಯ ಒಂದು ಮಾತಿಗೆ ಕೈಬಿಡಲು ಮನಸ್ಸು ಬರಲಿಲ್ಲ.

"ಎಲ್ಲಿಗೆ ಹೋಗ್ತೀಯ ಮತ್ತೆ?" ಅಂತ ಊಟದ ಹೊತ್ತಿಗೆ ಕೇಳಿದೆ.

"ಒಡಕು ಗಂಟೆ ಶಾಲೆಗೆ."

ಒಡಕು ಗಂಟೆ ಶಾಲೆ ನಮ್ಮ ಬೀದಿಯ ತುದಿಯಲ್ಲೇ, ಕಾಲುವೆಯ ಪಕ್ಕ ಇದೆ. ಅದರ ಗಂಟೆ ನೆಗಡಿಯಾದ ಮುದುಕಿಯ ಹಾಗೆ ಗೊರಗೊರ ಅನ್ನುತ್ತದೆ. ಮಕ್ಕಳನ್ನೆಲ್ಲ ಬಾರೇ ಹೋಗೇ ಅನ್ನುತ್ತದೆ ಅಂತ ಬೀದಿಗೇ ಗೊತ್ತು. ಬಳಗದವರು ಅದಕ್ಕೆ 'ಏಕವಚನದ ಶಾಲೆ' ಅಂತಲೇ ಹೆಸರಿಟ್ಟಿದ್ದೆವು. ಅಲ್ಲಿ ಇರುವವರೆಲ್ಲ ನಮ್ಮ ಕೇರಿಯ ಮಕ್ಕಳೇ, ಅದಕ್ಕೇ ಆ ಧಿಮಾಕು ಅಂತ ನಮ್ಮ ಲೆಕ್ಕ. ಅದರ ಯೂನಿಫಾರಂ ಕೂಡ ನಾನು ಹೊಲಿಯುತ್ತಿರಲಿಲ್ಲ.

"ಕೇಳಿಕೊಂಡು ಬರೋದಕ್ಕೇನು ಗಂಟು ಹೋಗುತ್ತಾ?" ಅಂದರು ಅತ್ತೆ.

"ಬರ್ತೀನಿ. ಅದು ನಿನ್ನ ಮುಖಕ್ಕೇ ಏಕವಚನ ಹಚ್ಚಿದಾಗ ನಿಂಗೇ ಬುದ್ಧಿ ಬರುತ್ತೆ," ಅಂದೆ ಕಿಡಿಗೆ.

ಮಾರನೇ ದಿನ ಯಾರೂ ಗಂಜಿ ಹಾಕಲಿಲ್ಲ, ಗಡ್ಡ ಕೆರೆಯಲಿಲ್ಲ. ಗುಡ್ಡಕ್ಕೆ ಹಾಕಿದ್ದ ಫ್ರಾಕನ್ನೇ ಕಿಡಿಗೆ ಹಾಕಿದೆ. ಶಾಲೆಯ ಗೇಟು ತುಕ್ಕು ಹಿಡಿದಿತ್ತು. ಪಕ್ಕದಲ್ಲಿ ಒಂದು ಹೊಂಗೆ ಮರ. ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿತ್ತು. ಗಂಟೆ ಒಂದು ಸಲ ಕೆಮ್ಮಿದ ಹಾಗೆ ಸದ್ದು ಮಾಡಿ ಶುರುವಾಯಿತು.

"ಬಾರೇ ಕಿಡೀ! ಅಯ್ಯೋ, ಆ ಫ್ರಾಕು ಹಾಕ್ಕೊಂಡು ಹೇಗೆ ಓಡ್ತೀಯೇ?"

ಕಿಡಿ ಒಂದೇ ನೆಗೆತಕ್ಕೆ ಹೊಸಿಲು ದಾಟಿದಳು.

"ಬಾರೋ ಚೌರಾ, ನಿಧಾನ, ಇದು ನಿನ್ನ ಬಸ್ಸಲ್ಲ."

ಚೌರಪ್ಪ ಹಲ್ಲು ಕಿರಿದುಕೊಂಡು ದಾಟಿದ.

"ಬಾರೇ ಜಪಮಾಲಿ, ಮೊಣಕಾಲು ಹೇಗಿದೆ?"

ಎಪ್ಪತ್ತು ದಾಟಿದ ಮುದುಕಿಗೆ ಬಾರೇ! ನಮ್ಮ ಅತ್ತೆಯನ್ನು ನಾನೇ ಒಂದು ದಿನವೂ ಏಕವಚನದಲ್ಲಿ ಕರೆದವಳಲ್ಲ. ನನ್ನ ನೆತ್ತಿಗೆ ರಕ್ತ ಏರಿತು. ಆದರೆ ಅತ್ತೆ ಎಲೆಯಡಿಕೆ ಬಾಯಿಯನ್ನು ಅಗಲ ಮಾಡಿ, ಲಂಗದ ಹುಡುಗಿಯ ಹಾಗೆ ಕಿಸಕ್ಕನೆ ನಕ್ಕು, "ಮಳೆ ಬಂದ್ರೆ ನೋಯುತ್ತೆ ಕಣೇ" ಅಂತ ಗಂಟೆಗೇ ಉತ್ತರ ಕೊಟ್ಟು ಒಳಗೆ ಹೋಗಿಬಿಟ್ಟರು. ಹೊರಗೆ ಉಳಿದವಳು ನಾನೊಬ್ಬಳೇ. ನನ್ನನ್ನು ಕರೆಯುವ ಮುಂಚೆಯೇ ನಾನು ಗೇಟಿನಿಂದ ಹಿಂದಕ್ಕೆ ಸರಿದು, ಕೈ ಎತ್ತಿ ಕೂಗಿದೆ.

"ಬನ್ನಿ ಅನ್ನು!"

ಗಂಟೆ ಸುಮ್ಮನಾಯಿತು.

"ಬನ್ನಿ ಅನ್ನೋವರೆಗೂ ನಾನು ಏಳೋದಿಲ್ಲ," ಅಂತ ಹೊಂಗೆ ಮರದ ಬುಡದಲ್ಲಿ ಕೂತೆ. ಕಿಡಿ ಒಳಗಿನಿಂದ, "ಅಮ್ಮಾ, ಮಾನ ತೆಗೀಬೇಡ!" ಅಂದಳು. "ನಿನ್ನ ಮಾನಕ್ಕೇ ಕೂತಿರೋದು!" ಅಂತ ನಾನೂ ಕೂಗಿದೆ.

ಸ್ವಲ್ಪ ಹೊತ್ತಿಗೆ ಒಬ್ಬ ಸಿಸ್ಟರು ಬಂದರು. ಗಿಡ್ಡ ಹೆಂಗಸು, ಕೈಯಲ್ಲಿ ಉಪ್ಪಿಟ್ಟಿನ ಸೌಟು, ಉಡುಪಿನ ಅಂಚು ಹೊಲಿಗೆ ಬಾರದವರು ಯಾರೋ ಹಾಕಿದ ಹಾಗೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಹೆಸರು ಪೌಲಿನಾ, ಶಾಲೆಯ ದೊಡ್ಡ ಸಿಸ್ಟರು ತಾನೇ ಅಂತ ಹೇಳಿ ನನ್ನ ಪಕ್ಕದಲ್ಲಿ ಮಣ್ಣಿನ ಮೇಲೇ ಕೂತರು.

"ನಾನೂ ಬಂದ ಹೊಸದರಲ್ಲಿ ಅತ್ತಿದೀನಮ್ಮ. ಮೇಲಿನ ಮಠದಿಂದ ನನ್ನನ್ನ ದೊಡ್ಡವಳು ಅಂತ ಮಾಡಿ ಕಳಿಸಿದ್ದರು. ಜಂಬ ಬೇರೆ ಇತ್ತು. ಮೊದಲನೇ ದಿನವೇ, 'ಬಾರೇ, ನಿಂತು ನೋಡ್ತೀಯಲ್ಲ, ಉಪ್ಪಿಟ್ಟು ಸೀಯ್ತಿದೆ' ಅಂತು."

"ನಿಮಗೆ ಅಂದರೆ ಅದು ತಮಾಷೆ ಸಿಸ್ಟರ್," ಅಂದೆ. "ನಮಗೆ ಅಂದರೆ ಅದು ಹಳೇ ಗಾಯ. ನನ್ನನ್ನ ಒಂದು ಗಂಟೆ ದಿನಾ ಪೊರಕೆಗೆ ಕರೀತಿತ್ತು."

ಸಮಾಧಾನದ ಮಾತು ಬಂದಿದ್ದರೆ ನಾನು ಜಗಳಕ್ಕೆ ತಯಾರಾಗಿಯೇ ಇದ್ದೆ. ಬರಲಿಲ್ಲ. "ಹೌದು," ಅಂದರು. "ಅದು ಬೇರೆ. ಅದು ತಮಾಷೆ ಅಲ್ಲ." ಸೌಟಿನ ಹಿಡಿಯಿಂದ ಮಣ್ಣು ಕೆದಕುತ್ತ ಕೂತು, ಆಮೇಲೆ ಎದ್ದರು. "ನನ್ನ ಮಾತು ನಂಬಬೇಡ. ಸಂಜೆ ಗಂಟೆವರೆಗೂ ಕೂತಿರು. ಯಾರ್ಯಾರಿಗೆ ಏನೇನನ್ನುತ್ತೆ, ಕಿವಿಯಾರೆ ಕೇಳು. ಆಮೇಲೂ ಬೇಡ ಅನಿಸಿದರೆ ನಿನ್ನ ಜೊತೆ ನಾನೂ ಕೂತು ಕೂಗ್ತೀನಿ." ಹೋಗುವಾಗ ಸೊಟ್ಟಗಾದ ಸ್ಟೀಲ್ ಲೋಟದಲ್ಲಿ ಟೀ ಕಳಿಸಿದರು. ತಂದ ಹುಡುಗಿಯ ಕೈಯಲ್ಲೂ ಅಂಥದ್ದೇ ಸೊಟ್ಟ ಲೋಟ ಇತ್ತು. ಅವಳು ನನ್ನ ಪಕ್ಕದಲ್ಲೇ ಕೂತು ಸುರ್ ಅಂತ ಹೀರಿದಳು.

"ಅಕ್ಕಾ, ಧರಣಿ ಕೂತಿದೀಯಾ? ಯಾತಕ್ಕೆ?"

"ಗಂಟೆ ನಿಮಗೆಲ್ಲ 'ಬನ್ನಿ' ಅನ್ನಲಿ ಅಂತ."

"ಅಯ್ಯೋ, ಹಾಗಂದ್ರೆ ನಮಗೆ ಯಾರೋ ಅನ್ನಿಸಲ್ವಾ?" ಅಂತ ನಕ್ಕಳು. ಆದರೆ ಕೂಗುವುದು ಅವಳಿಗೆ ಇಷ್ಟವಾಯಿತು. ಬಿಡುವಿನ ಹೊತ್ತಿಗೆ ಒಂದು ಹಿಂಡು ಹುಡುಗಿಯರು ಬಂದು, ಮುಷ್ಟಿ ಎತ್ತುವುದು ಹೇಗೆ ಅಂತ ನನ್ನಿಂದ ಕಲಿತುಕೊಂಡು, "ಬನ್ನಿ ಅನ್ನು! ಬನ್ನಿ ಅನ್ನು!" ಅಂತ ಗೇಟು ಅಲ್ಲಾಡಿಸಿ ಕುಣಿದರು. ಒಬ್ಬಳ ಲಂಗ ತುಕ್ಕಿಗೆ ಸಿಕ್ಕಿ ಹರಿಯಿತು. ರವಿಕೆಯಂಚಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಹೊಲಿದುಕೊಟ್ಟೆ. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ಹರಕುಗಳನ್ನು ತಂದರು. ಧರಣಿ ಹೋಗಿ ಟೈಲರ್ ಅಂಗಡಿಯಾಯಿತು. ಎಂಥ ಕೆಟ್ಟ ಹೊಲಿಗೆ, ನೆರಿಗೆಗೆ ಸರಿಯಾಗಿ ಬಟ್ಟೆಯೇ ಬಿಟ್ಟಿಲ್ಲ ಅಂತ ಬೈದುಕೊಳ್ಳುತ್ತ ಕೂತವಳಿಗೆ ಮಧ್ಯಾಹ್ನ ಕಳೆದದ್ದು ಗೊತ್ತಾಗಲಿಲ್ಲ.

ಸಂಜೆಯ ಗಂಟೆಗೆ ಮುಂಚೆ ಬೀದಿಯಲ್ಲಿ ಬಿಳಿ ಕಾರೊಂದು ಬಂದು ಗೇಟಿಗೆ ಅಡ್ಡ ನಿಂತಿತು. ಇಳಿದವರು ನೇರಳೆ ಟೋಪಿ ಹಾಕಿದ ನಮ್ಮ ಧರ್ಮಾಧ್ಯಕ್ಷರು, ಊರಿನ ಇಗರ್ಜಿಗಳಿಗೆಲ್ಲ ದೊಡ್ಡವರು. ಈ ವಾರ ಅವರು ಒಂದೊಂದು ಶಾಲೆಗೂ ಹೋಗಿ ಮಕ್ಕಳನ್ನು ಆಶೀರ್ವದಿಸುವುದು ವಾಡಿಕೆ. ಹಿಂದಿನ ವರ್ಷ ಗುಡ್ಡದ ಗಂಟೆ ಅವರಿಗೆ, 'ಪರಮಪೂಜ್ಯರು ದಯಮಾಡಿಸಬೇಕು, ನಮ್ಮ ಹೊಸಿಲು ಪಾವನವಾಯಿತು' ಅಂತ ರಾಗ ಎಳೆದದ್ದು ಕಾಲುವೆ ಬೀದಿಯವರೆಗೂ ಕೇಳಿತ್ತು. ನಾನು ಸೂಜಿಯನ್ನು ಹಾಗೇ ಹಿಡಿದು ಎದ್ದು ನಿಂತೆ. ಈಗ ನೋಡೋಣ ಅಂದುಕೊಂಡೆ. ಕೇರಿಯ ಮಕ್ಕಳಿಗೆ ಬಾರೇ ಅನ್ನುವ ನಾಲಿಗೆ ಈ ನೇರಳೆ ಟೋಪಿಗೆ ಏನನ್ನುತ್ತದೋ ನೋಡೇಬಿಡೋಣ. ದಯಮಾಡಿಸಿ ಅಂದರೆ, ನಾಳೆಯಿಂದ ಇಡೀ ಬಳಗವನ್ನೇ ತಂದು ಇಲ್ಲಿ ಕೂರಿಸುತ್ತೇನೆ.

ಗಂಟೆ ಕೆಮ್ಮಿತು.

"ಬಂದ್ಯೇನೋ ರಾಯಪ್ಪ? ಬಾರೋ. ಕಾರು ಅಡ್ಡ ನಿಲ್ಲಿಸಬೇಡ, ಹುಡುಗೀರು ಮನೆಗೆ ಹೋಗ್ಬೇಕು."

ಧರ್ಮಾಧ್ಯಕ್ಷರು ಮೇಲೆ ನೋಡಿದರು. ಅಷ್ಟು ದೊಡ್ಡ ಮನುಷ್ಯ, ಕಾರಿನ ಡ್ರೈವರಿಗೆ ತೆಗಿ ತೆಗಿ ಅಂತ ಕೈ ಬೀಸಿ, ಉಡುಪಿನ ಅಂಚನ್ನು ಎತ್ತಿಕೊಂಡು, "ಬಂದೆ ಬಂದೆ, ಬೈಬೇಡ" ಅಂತ ತಗ್ಗಿದ ಗೇಟಿನಲ್ಲಿ ತಲೆ ಬಗ್ಗಿಸಿ ಹೋದರು. ಹೋಗುವಾಗ ನಗುತ್ತಿದ್ದರು. ಸಿಸ್ಟರ್ ಪೌಲಿನಾಗೆ ಅವರು ಹೇಳಿದ್ದು ನನಗೂ ಕೇಳಿಸಿತು: "ನಮ್ಮಮ್ಮ ಹೋದ ಮೇಲೆ ನನ್ನನ್ನ ರಾಯಪ್ಪ ಅನ್ನೋರು ಈ ಊರಲ್ಲಿ ಇದೊಂದೇ ಸಿಸ್ಟರ್." ಒಳಗೆ ಅವರ ಕೈಗೂ ಸೊಟ್ಟ ಲೋಟ ಬಂತು.

ನಾನು ನಿಂತೇ ಇದ್ದೆ. ಸೂಜಿಯ ದಾರ ಗಾಳಿಗೆ ಅಲ್ಲಾಡುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು, ಗಂಟೆ ಒಬ್ಬೊಬ್ಬಳನ್ನೂ ಹೆಸರು ಹಿಡಿದು, ಹೋಗಿ ಬಾ, ಹೋಗಿ ಬಾರೇ, ಕಾಲುವೆ ಕಡೆ ಆಡಬೇಡ, ನಿಮ್ಮಜ್ಜಿಗೆ ಔಷಧಿ ಕೊಡು ಅಂತ ಕಳಿಸುತ್ತಿತ್ತು. ಆ ಏಕವಚನದಲ್ಲಿ ಪೊರಕೆ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ. ನಾನು ಎಷ್ಟೋ ವರ್ಷ ಒಂದು ಮಾತನ್ನು ದ್ವೇಷಿಸಿದ್ದೆ. ಆ ದ್ವೇಷ ಸುಳ್ಳಲ್ಲ, ಈಗಲೂ ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಒಬ್ಬರಿಗೆ ಬನ್ನಿ, ಇನ್ನೊಬ್ಬರಿಗೆ ಬಾ ಅನ್ನುವ ಬಾಯಿ ಕಂಡರೆ ಇವತ್ತೂ ಗೇಟಿನಲ್ಲಿ ಕೂರುತ್ತೇನೆ. ಆದರೆ ನಮ್ಮವ್ವನೂ ನನ್ನನ್ನು ಬಾರೇ ಅಂತಲೇ ಕರೆಯುತ್ತಿದ್ದಳು ಅನ್ನುವುದನ್ನು ಆ ಕೂಗಾಟದಲ್ಲಿ ಎಲ್ಲೋ ಇಟ್ಟು ಮರೆತಿದ್ದೆ.

ಕೊನೆಯ ಹುಡುಗಿ ಹೋದಳು. ಇನ್ನೇನು ಸದ್ದು ನಿಲ್ಲಬೇಕು ಅನ್ನುವಾಗ ಗಂಟೆ ದನಿ ತಗ್ಗಿಸಿತು.

"ಬಿಸಿಲಲ್ಲೇ ಕೂತಿದ್ದೆಯಲ್ಲೇ ಲೂರ್ದೀ. ಬಾ, ಒಂದಿಷ್ಟು ನೀರಾದ್ರೂ ಕುಡಿ."

ಲೂರ್ದೀ ಅಂತ ದೀರ್ಘ ಎಳೆಯುತ್ತಿದ್ದವಳು ನಮ್ಮವ್ವ ಒಬ್ಬಳೇ. ನಾನು ಗೇಟು ದಾಟಿದೆ. ಆಣೆ ಮುರಿಯಿತೋ ಉಳಿಯಿತೋ ಅಂತ ಯೋಚಿಸಲು ಪುರುಸೊತ್ತಿರಲಿಲ್ಲ. ನಿಜವಾಗಲೂ ಬಾಯಾರಿತ್ತು.

ಮುಂದಿನ ಭಾನುವಾರ ಸೈಕಲ್ ಶಾಪಿನ ಹಿಂದೆ ದೊಡ್ಡ ರಂಪವಾಯಿತು. "ಏಕವಚನಕ್ಕೆ ಸೋತೆಯಲ್ಲ ಲೂರ್ದಮ್ಮ!" ಅಂತ ಬಳಗದ ಹಿರಿಯ ಇನ್ನಾಸಪ್ಪ ಟೇಬಲ್ಲು ಗುದ್ದಿದರು. "ಒಂದು ದಿನ ಗೇಟಿನಲ್ಲಿ ಕೂತು ಬನ್ನಿ ಅಣ್ಣ, ಆಮೇಲೆ ಗುದ್ದಿ," ಅಂದೆ. ಹೋದರು. ಪಂಕ್ಚರ್ ಹಾಕಿದ ಕರಿ ಕೈ ಒರೆಸಿಕೊಳ್ಳದೆ ಜಗಳಕ್ಕೆ ನಿಂತ ಆ ಮುದುಕನನ್ನು ಗಂಟೆ, 'ಏನೋ ಇನ್ನಾಸಿ, ಹಲ್ಲು ನೋವು ಹೋಯ್ತೇನೋ?' ಅಂತ ಕೇಳಿತಂತೆ. ಬಂದ ಮೇಲೆ ಟೇಬಲ್ಲು ಗುದ್ದಲಿಲ್ಲ. ಗುಡ್ಡದ ಶಾಲೆ ಯಾರನ್ನು ಅಡುಗೆಮನೆಗೆ ಕರೆಯುತ್ತದೆ, ಯಾರನ್ನು ಪಾರ್ಲರಿನಲ್ಲಿ ಕೂರಿಸುತ್ತದೆ ಅನ್ನುವುದೇ ಈಗ ನಮ್ಮ ಬಳಗದ ಹೊಸ ತಕರಾರು. ಮಳೆ ಹಿಡಿದ ಮೇಲೆ ಮತ್ತೆ ಅಲ್ಲಿ ಕೂರುತ್ತೇವೆ. ಈ ಸಲದ ಕೂಗು "ಅಡುಗೆಮನೆ ತೆಗಿ!" ಅಂತ. ಕೊಡೆಗಳನ್ನು ನಾನೇ ಹೊಲಿಯುತ್ತಿದ್ದೇನೆ.

ಶಾಲೆ ಶುರುವಾದ ದಿನ ಕಿಡಿಗೆ ಓಡಲು ಬರುವ ಹಾಗೆ ನೆರಿಗೆಗೆ ಧಾರಾಳ ಬಟ್ಟೆ ಬಿಟ್ಟು ಹೊಲಿದ ಯೂನಿಫಾರಂ ಹಾಕಿ ಕಳಿಸಿದೆ. ಹಾಗೇ ಉಳಿದ ಹುಡುಗಿಯರಿಗೂ ಹೊಲಿದಿದ್ದ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹಿಂದೆಯೇ ಹೊರಟೆ. ಅವಳು ಗೇಟಿನಲ್ಲಿ ನಿಲ್ಲಲೂ ಇಲ್ಲ. "ಎದ್ಯೇನೇ ಮಹಾರಾಣಿ?" ಅಂತು ಗಂಟೆ. "ಬಂದೆ ಕಣೇ!" ಅಂತ ಕೂಗಿಕೊಂಡು ಒಳಗೆ ಮಾಯವಾದಳು. ನಾನು ಗಂಟನ್ನು ಹೊಸಿಲಿನ ಮೇಲೆ ಇಳಿಸಿ, ಸಿಸ್ಟರನ್ನು ಕರೆದು ಒಪ್ಪಿಸಿ ಹೋಗುವುದು ಅಂತ ನಿಂತಿದ್ದೆ. ಗಂಟೆ ಇನ್ನೂ ಆಡುತ್ತಿತ್ತು.

"ಲೂರ್ದೀ, ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟು ಬಂದವಳಲ್ವೇನೇ ನೀನು? ಹಿಂದಿನ ಬೆಂಚು ಖಾಲಿ ಇದೆ. ಬರ್ತೀಯೇನೇ?"

ಬೀದಿ ಪೂರ್ತಿ ಕೇಳಿಸಿಕೊಂಡಿತು. ಕ್ಲಾಸಿನ ಕಿಟಕಿಯಲ್ಲಿ ಕಿಡಿಯ ತಲೆ ಕಾಣಿಸಿ, "ಅಮ್ಮಾ, ಬೇಡಾ!" ಅಂದಿತು. ಪಕ್ಕದ ಹುಡುಗಿಯರ ತಲೆಗಳು, "ಬನ್ನಿ ಅನ್ನು! ಬನ್ನಿ ಅನ್ನು!" ಅಂತ ಮುಷ್ಟಿ ಎತ್ತಿ ನಗತೊಡಗಿದವು. ನಾನು ಕಲಿಸಿದ ಮುಷ್ಟಿ, ಹೆಬ್ಬೆರಳು ಹೊರಗಿಟ್ಟು, ಸರಿಯಾಗಿತ್ತು.

"ಅವರ ಮಾತು ಕೇಳಬೇಡ," ಅಂದೆ ಗಂಟೆಗೆ, ಸೂಜಿಯನ್ನು ರವಿಕೆಯಂಚಿಗೆ ಭದ್ರವಾಗಿ ಸಿಕ್ಕಿಸಿಕೊಳ್ಳುತ್ತ. "ಜಾಗ ಹಿಡಿದಿರು, ಬಂದೆ ಕಣೇ."